ಓಟು ಕೇರಿಯದು, ಟಿಕೀಟು ವಾಡೆಯದು

2024ರ ಲೋಕಸಭಾ ಚುನಾವಣೆ ಮುಗಿದ ಮೇಲೆ ನಮ್ಮ ಪ್ರಗತಿಪರ ಗೆಳೆಯರು ಒಂದೇ ಮಾತನ್ನು ವೇದಿಕೆ ವೇದಿಕೆಯಲ್ಲಿ ಹೇಳಿದರು: ದಲಿತರು ಸಂವಿಧಾನವನ್ನು ಉಳಿಸಿದರು. ಮಾತು ಸುಳ್ಳಲ್ಲ. ಸಂವಿಧಾನ ತಿದ್ದಬೇಕಾದರೆ ನಾಲ್ಕು ನೂರು ಸ್ಥಾನ ಬೇಕು ಎಂದು ಉತ್ತರ ಕನ್ನಡದ ಆಗಿನ ಸಂಸದ ಅನಂತಕುಮಾರ ಹೆಗಡೆ ಆ ಮಾರ್ಚಿನಲ್ಲಿ ಬಾಯಿಬಿಟ್ಟು ಹೇಳಿದ್ದರು. ಅದು ಅವರ ಸ್ವಂತ ಮಾತು ಎಂದು ಪಕ್ಷ ಕೈತೊಳೆದುಕೊಂಡಿತು, ಅವರಿಗೆ ಟಿಕೆಟ್ಟನ್ನೂ ಕೊಡಲಿಲ್ಲ. ಆದರೆ ಅಷ್ಟೊತ್ತಿಗೆ ಕೇರಿ ಕೇಳಿಸಿಕೊಂಡಾಗಿತ್ತು. ಬಿಜೆಪಿ 240ಕ್ಕೆ ನಿಂತಿತು.

ಸರಿ. ಉಳಿಸಿದವರ ಕೈಯಲ್ಲಿ ಉಳಿದದ್ದೇನು? ವಿಜಯೋತ್ಸವದ ಗುಲಾಲಿನಲ್ಲಿ ಈ ಪ್ರಶ್ನೆ ಮುಚ್ಚಿಹೋಗಿದೆ. ರಾಯಬಾಗದ ಕೇರಿಯಲ್ಲಿ ನಿಂತು ನಾವು ಅದನ್ನೇ ಕೇಳುತ್ತಿದ್ದೇವೆ. ಕೇಳುವ ಹಕ್ಕು ನಮಗಿದೆ. ಯಾಕೆಂದರೆ ನಮ್ಮ ಚಿಕ್ಕೋಡಿ ಲೋಕಸಭಾ ಕ್ಷೇತ್ರ ಮೀಸಲಾತಿಯನ್ನೂ ಉಂಡಿದೆ, ಮೀಸಲಾತಿ ಹೋದ ಮೇಲಿನ ಉಪವಾಸವನ್ನೂ ಕಂಡಿದೆ.

ಮೊದಲು ಮೀಸಲಾತಿಯ ಕಾಲ. 1967ರಿಂದ 1991ರವರೆಗೆ ಬಿ. ಶಂಕರಾನಂದರು ಇಲ್ಲಿಂದ ಸತತ ಏಳು ಸಲ ಗೆದ್ದರು. ಕೇಂದ್ರದಲ್ಲಿ ಆರೋಗ್ಯ, ಪೆಟ್ರೋಲಿಯಂನಂಥ ದೊಡ್ಡ ಖಾತೆಗಳನ್ನು ಹಿಡಿದರು. ಬೋಫೋರ್ಸ್ ಹಗರಣ ಬಂದಾಗ ಜಂಟಿ ಸಂಸದೀಯ ಸಮಿತಿಗೆ ಅಧ್ಯಕ್ಷರಾದರು. ವಿರೋಧ ಪಕ್ಷಗಳು ಬಹಿಷ್ಕರಿಸಿದ ಆ ಸಮಿತಿ ಲಂಚಕ್ಕೆ ಪುರಾವೆಯಿಲ್ಲ ಎಂದು 1988ರಲ್ಲಿ ವರದಿ ಕೊಟ್ಟಿತು. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಒಬ್ಬ ದಲಿತ ದಿಲ್ಲಿಯಲ್ಲಿ ಕೂತದ್ದು ಸಣ್ಣ ಮಾತಲ್ಲ, ಅದನ್ನು ನಾವು ತೆಗೆದುಹಾಕುವುದಿಲ್ಲ. ಆದರೆ ಆ ಕುರ್ಚಿ ಉತ್ತರ ಹೇಳುತ್ತಿದ್ದುದು ಯಾರಿಗೆ? ಹೈಕಮಾಂಡಿಗೆ. ಕೇರಿಗಲ್ಲ.

1998, 1999, 2004ರಲ್ಲಿ ರಮೇಶ ಜಿಗಜಿಣಗಿ ಮೂರು ಪಕ್ಷಗಳ ಹೆಸರಲ್ಲಿ ಇಲ್ಲಿಂದ ಗೆದ್ದರು. ಕ್ಷೇತ್ರ ಸಾಮಾನ್ಯವಾದಾಗ ಮೀಸಲಾದ ವಿಜಯಪುರಕ್ಕೆ ಹೋಗಿ ನಾಲ್ಕು ಸಲ ಗೆದ್ದರು. ಅವರದೂ ಏಳು. 2024ರಲ್ಲಿ ಮಂತ್ರಿಗಿರಿ ಸಿಗದಾಗ ತಮ್ಮ ಪಕ್ಷವೇ ದಲಿತರನ್ನು ಮರೆಯಿತೆಂದು ಬಹಿರಂಗವಾಗಿ ಗುಡುಗಿದರು. ಕರ್ನಾಟಕದಿಂದ ಆ ಸಂಪುಟ ಸೇರಿದವರಲ್ಲಿ ಒಬ್ಬ ದಲಿತನೂ ಇರಲಿಲ್ಲ ಎಂಬುದು ನಿಜವೇ. ಆದರೆ ಏಳು ಸಲ ಗೆದ್ದವರು ಪಕ್ಷದ ಬಾಗಿಲಲ್ಲಿ ನಿಂತು ಕೇಳಬೇಕಾಯಿತಲ್ಲ, ಅದೇ ನಮ್ಮ ಪ್ರಶ್ನೆಯ ಬೇರು.

ಇನ್ನು ಮೀಸಲಾತಿ ಹೋದ ಕಾಲ. 2009ರಿಂದ ಚಿಕ್ಕೋಡಿ ಸಾಮಾನ್ಯ ಕ್ಷೇತ್ರ. ರಮೇಶ ಕತ್ತಿ, ಪ್ರಕಾಶ ಹುಕ್ಕೇರಿ, ಅಣ್ಣಾಸಾಹೇಬ ಜೊಲ್ಲೆ, ಪ್ರಿಯಾಂಕಾ ಜಾರಕಿಹೊಳಿ. ನಾಲ್ಕು ಚುನಾವಣೆ, ನಾಲ್ಕು ಮನೆತನ. ಒಬ್ಬರ ಅಣ್ಣ ಮಂತ್ರಿ, ಒಬ್ಬರ ಮಗ ಶಾಸಕ, ಒಬ್ಬರ ಹೆಂಡತಿ ಶಾಸಕಿ, ಒಬ್ಬರ ತಂದೆ ಮಂತ್ರಿ. ಪರಿಶಿಷ್ಟ ಪಂಗಡದ 27 ವರ್ಷದ ಹೆಣ್ಣುಮಗಳು ಸಾಮಾನ್ಯ ಕ್ಷೇತ್ರದಲ್ಲಿ ಗೆದ್ದದ್ದು ನಮಗೆ ಖುಷಿಯ ಸಂಗತಿ. ಡಿಸೆಂಬರ್ 6ರಂದು ಸ್ಮಶಾನದಲ್ಲಿ ಕೂತು ಮೌಢ್ಯದ ವಿರುದ್ಧ ಮಾತಾಡಿದ ಸತೀಶ ಜಾರಕಿಹೊಳಿಯವರನ್ನೂ ನಾವು ಬಲ್ಲೆವು. ಆದರೂ ಕೇಳುತ್ತೇವೆ: ಕಬ್ಬು ಕಡಿಯುವ ಬೇಡರ ಹುಡುಗಿಗೆ ಆ ಟಿಕೀಟು ಸಿಗುತ್ತಿತ್ತೇ? ಗೆದ್ದದ್ದು ಜಾತಿಯ ಕೆಳಗಿನವರೋ, ವಾಡೆಯ ಮೇಲಿನವರೋ? ಈ ಸೀಮೆಯಲ್ಲಿ ಫ್ಯಾಕ್ಟರಿ, ಬ್ಯಾಂಕು, ಸೊಸೈಟಿ ಯಾರ ಕೈಯಲ್ಲೋ ಟಿಕೀಟೂ ಅವರ ಕೈಯಲ್ಲೇ. 'ಸಾವಕಾರ್ರು ಹೇಳ್ಯಾರ' ಅಂದ ಮ್ಯಾಲ ಮುಗೀತು, ಮುಂದ ಮಾತಿಲ್ಲ.

ದೂರುವುದಾದರೆ ನಮ್ಮವರನ್ನೂ ದೂರೋಣ. 2024ರಲ್ಲಿ ಮೀಸಲು ಕ್ಷೇತ್ರವಾದ ಕಲಬುರಗಿಯ ಟಿಕೆಟ್ ಮಲ್ಲಿಕಾರ್ಜುನ ಖರ್ಗೆಯವರ ಅಳಿಯನಿಗೆ, ಚಾಮರಾಜನಗರದ್ದು ಮಂತ್ರಿ ಎಚ್.ಸಿ. ಮಹದೇವಪ್ಪನವರ ಮಗನಿಗೆ ಹೋಯಿತು. ಕೇರಿಯೊಳಗೂ ವಾಡೆ ಎದ್ದಿದೆ, ಗೆಳೆಯರೇ. ನೀಲಿ ಬಣ್ಣ ಬಳಿದರೂ ವಾಡೆ ವಾಡೆಯೇ.

ರಾಯಬಾಗ ತಾಲ್ಲೂಕಿನ ರಾಯಬಾಗ, ಕುಡಚಿ ಎರಡೂ ವಿಧಾನಸಭಾ ಕ್ಷೇತ್ರಗಳು 2008ರಿಂದ ಪರಿಶಿಷ್ಟ ಜಾತಿಗೆ ಮೀಸಲು. ರಾಜ್ಯದಲ್ಲಿ ಅಂಥವು 36, ಪಂಗಡದ್ದು 15. ಒಟ್ಟು 51 ಬಾಯಿ. ನಮ್ಮ ಉಪಯೋಜನೆಯ ಹಣದಲ್ಲಿ 11 ಸಾವಿರ ಕೋಟಿಗೂ ಹೆಚ್ಚು 2023-24ರಲ್ಲಿ ಗ್ಯಾರಂಟಿಗಳಿಗೆ ಹೋದಾಗ ಆ ಬಾಯಿಗಳು ಒಂದಾದವೇ? ವಿರೋಧ ಪಕ್ಷದವರು ವಿರೋಧ ಪಕ್ಷದವರಾಗಿ ಕೂಗಿದರು, ಆಳುವ ಪಕ್ಷದವರು ಆಳುವ ಪಕ್ಷದವರಾಗಿ ಸುಮ್ಮನಾದರು. ದಲಿತರಾಗಿ ಒಟ್ಟಿಗೆ ಯಾರೂ ಏಳಲಿಲ್ಲ. ಏಳುವುದು ಹೇಗೆ? ಮೀಸಲು ಕ್ಷೇತ್ರದಲ್ಲೂ ಗೆಲ್ಲಿಸುವ ಓಟಿನಲ್ಲಿ ಹೆಚ್ಚಿನದು ಕೇರಿಯ ಹೊರಗಿನದು. ಕೇರಿಗಾಗಿ ಗಟ್ಟಿ ದನಿ ತೆಗೆದವನಿಗೆ ಮುಂದಿನ ಸಲ ಊರು ಓಟು ಹಾಕುವುದಿಲ್ಲ, ಪಕ್ಷ ಟಿಕೆಟ್ ಕೊಡುವುದಿಲ್ಲ.

ಇದು ಇಂದಿನ ಕತೆಯಲ್ಲ. 1932ರ ಸೆಪ್ಟೆಂಬರ್ 24ರ ಪುಣೆ ಒಪ್ಪಂದ ನಮ್ಮ ಪ್ರತ್ಯೇಕ ಮತವನ್ನು ಕಿತ್ತುಕೊಂಡು ಜಂಟಿ ಮತ ಕೊಟ್ಟಿತು. ಆದರೆ ಅದರಲ್ಲೂ ಒಂದು ಕಿಂಡಿ ಇತ್ತು: ಮೊದಲ ಸುತ್ತಿನಲ್ಲಿ ಅಸ್ಪೃಶ್ಯ ಮತದಾರರಷ್ಟೇ ಓಟು ಹಾಕಿ ನಾಲ್ವರನ್ನು ಆರಿಸಬೇಕು, ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲರೂ ಸೇರಿ ಗೆಲ್ಲಿಸಬೇಕು. ಆ ಕಿಂಡಿಗೂ ಹತ್ತೇ ವರ್ಷದ ಆಯುಷ್ಯ ಬರೆದಿದ್ದರು. ಸ್ವತಂತ್ರ ಭಾರತದ ಚುನಾವಣೆಗಳಲ್ಲಿ ಅದು ಉಳಿಯಲಿಲ್ಲ. ಮೊದಲ ಸುತ್ತು ಈಗಲೂ ನಡೆಯುತ್ತದೆ, ಆದರೆ ವಾಡೆಯ ಪಡಸಾಲೆಯಲ್ಲಿ. ಜಂಟಿ ಮತದ ರುಚಿಯನ್ನು ಬಾಬಾಸಾಹೇಬರೇ ಉಂಡರು: 1952ರಲ್ಲಿ ಮುಂಬಯಿಯಲ್ಲಿ ಅವರನ್ನು ಸೋಲಿಸಿದ್ದು ಕಾಂಗ್ರೆಸ್ಸು ನಿಲ್ಲಿಸಿದ ಇನ್ನೊಬ್ಬ ದಲಿತ ಅಭ್ಯರ್ಥಿ. 1955ರಲ್ಲಿ ಅವರ ಪರಿಶಿಷ್ಟ ಜಾತಿಗಳ ಫೆಡರೇಷನ್ ಶಾಸನಸಭೆಗಳ ಮೀಸಲು ಸ್ಥಾನವೇ ಬೇಡವೆಂದು ನಿರ್ಣಯ ಮಾಡಿತು.

ಹಾಗಾದರೆ ಮೀಸಲು ಸ್ಥಾನ ತೆಗೆದುಬಿಡೋಣವೇ? ಬೇಡ. ತೆಗೆದರೆ ಏನಾಗುತ್ತದೆಂದು ಚಿಕ್ಕೋಡಿ ನಾಲ್ಕು ಸಲ ತೋರಿಸಿದೆ. 104ನೆಯ ತಿದ್ದುಪಡಿ ಕೊಟ್ಟ ಅವಧಿ 2030ರ ಜನವರಿಗೆ ಮುಗಿಯುತ್ತದೆ. ಆಗ ಮತ್ತೆ ಹತ್ತು ವರ್ಷದ ಭಿಕ್ಷೆಗೆ ಬೊಗಸೆ ಒಡ್ಡುವುದೋ, ಬೀಗದ ಕೈ ಕೇಳುವುದೋ, ಈಗಲೇ ತೀರ್ಮಾನಿಸಬೇಕು. ಬೀಗದ ಕೈ ಎಂದರೆ ಆ ಮೊದಲ ಸುತ್ತು.

ಕಾಯ್ದೆ ಬರುವ ತನಕ ಕೈಕಟ್ಟಿ ಕೂಡಬೇಕಿಲ್ಲ. ಟಿಕೆಟ್ ಹಂಚುವ ಮುಂಚೆ ಕೇರಿ ಕೇರಿಯಲ್ಲಿ ಸಭೆ ಸೇರಲಿ. ಹೊಲೆಯ, ಮಾದಿಗ, ಸಮಗಾರ ಒಂದೇ ಜಮಖಾನೆಯ ಮೇಲೆ ಕೂಡಲಿ, ಹೆಣ್ಣುಮಕ್ಕಳು ಮುಂದೆ ಕೂಡಲಿ. ಹೆಸರು ನಾವು ಹೇಳೋಣ. ಇದು ಕನಸಲ್ಲ. 2023ರಲ್ಲಿ ಇದೇ ರಾಯಬಾಗದಲ್ಲಿ ಶಂಭು ಕಲ್ಲೋಳಿಕರ ಯಾವ ಪಕ್ಷವೂ ಇಲ್ಲದೆ ನಿಂತು ಎರಡನೆಯ ಸ್ಥಾನಕ್ಕೆ ಬಂದರು. ಅವರು ನಿವೃತ್ತ ಐಎಎಸ್ ಅಧಿಕಾರಿ, ಕೂಲಿಯವನಿಗೆ ಅಷ್ಟು ಆಗುತ್ತಿರಲಿಲ್ಲ, ಒಪ್ಪುತ್ತೇವೆ. ಆದರೂ ವಾಡೆಯ ಗೋಡೆ ಮಣ್ಣಿನದೇ ಎಂಬುದು ಆವತ್ತು ಗೊತ್ತಾಯಿತು.

ರಾಯಬಾಗ ಒಂದು ಕಾಲಕ್ಕೆ ಕೊಲ್ಹಾಪುರ ಸಂಸ್ಥಾನದ ಮಹಾಲು. 1902ರಲ್ಲೇ ಅರ್ಧ ನೌಕರಿಯನ್ನು ಹಿಂದುಳಿದವರಿಗೆ ಇಟ್ಟ ಶಾಹೂ ಮಹಾರಾಜರ ನೆಲ. 1920ರಲ್ಲಿ ಮಾಣಗಾವಿಯ ಪರಿಷತ್ತಿನಲ್ಲಿ ತರುಣ ಅಂಬೇಡ್ಕರರನ್ನು ಪಕ್ಕದಲ್ಲಿಟ್ಟುಕೊಂಡು ಅವರು ಜನಕ್ಕೆ ಹೇಳಿದ್ದರ ಅರ್ಥ ಇಷ್ಟೇ: ನಿಮ್ಮ ನಾಯಕನನ್ನು ನೀವೇ ಕಂಡುಕೊಂಡಿದ್ದೀರಿ. ಒಬ್ಬ ರಾಜ ಒಪ್ಪಿಕೊಂಡ ಈ ಮಾತನ್ನು ಪ್ರಜಾಪ್ರಭುತ್ವದ ಪಕ್ಷಗಳು ಇನ್ನೂ ಒಪ್ಪಿಲ್ಲ. ಒಪ್ಪಿಸುವ ಕೆಲಸ ನಮ್ಮದು. ಸಂವಿಧಾನ ಉಳಿಸಿದ್ದಕ್ಕೆ ಬೆನ್ನು ತಟ್ಟುವವರು ತಟ್ಟಲಿ. ನಮಗೆ ಬೇಕಾದದ್ದು ಬೆನ್ನಿನ ಮೇಲಿನ ಕೈಯಲ್ಲ, ಟಿಕೀಟು ಬರೆಯುವ ಕೈ.