ಚೆಂಡೆ ಎಲ್ಲಿ ಹೋಯಿತು?

ಮುಂಬೈಯ ಸಣ್ಣ ಸಭಾಂಗಣವೊಂದರಲ್ಲಿ ನಡೆದ ಯಕ್ಷಗಾನದ ರೆಕಾರ್ಡಿಂಗನ್ನು ಹೆಡ್‌ಫೋನಿನಲ್ಲಿ ಕೇಳಿ, ‘ಚೆಂಡೆಯೇ ಇಲ್ಲ, ಮಿಕ್ಸಿಂಗ್ ಕಳಪೆ’ ಎಂದು ಗೆಳೆಯರಿಗೆಲ್ಲ ಹೇಳಿದ್ದೆ. ಆಟ ನೋಡಿದವರು ಒಪ್ಪಲಿಲ್ಲ. ತಪ್ಪು ನನ್ನದೇ. ಆ ರೆಕಾರ್ಡಿಂಗ್ ನೇರ ಮಿಕ್ಸರಿನಿಂದ ತೆಗೆದದ್ದು. ಚೆಂಡೆ ಮೈಕಿಲ್ಲದೆಯೂ ಸಭಾಂಗಣ ತುಂಬುತ್ತದೆ. ಹಾಗಾಗಿ ಮಿಕ್ಸರ್ ಮುಂದೆ ಕೂತವರು ಭಾಗವತರ ದನಿಯನ್ನಷ್ಟೇ ಎತ್ತಿದ್ದರು. ಅದಕ್ಕೂ ಮಿತಿಯಿದೆ: ಹೆಚ್ಚಾದರೆ ಸ್ಪೀಕರಿನ ಸದ್ದು ಮೈಕಿಗೇ ಮರಳಿ ಕಿರುಚುತ್ತದೆ.

ಸ್ಟುಡಿಯೋದಲ್ಲಿ ಹಾಡು, ಮದ್ದಳೆ, ಚೆಂಡೆಗಳಿಗೆ ಬೇರೆಬೇರೆ ಟ್ರ್ಯಾಕ್, ತಪ್ಪಿದರೆ ಇನ್ನೊಮ್ಮೆ. ನಮ್ಮ ಐಟಿ ಭಾಷೆಯಲ್ಲಿ ಅದು ಟೆಸ್ಟ್ ಸರ್ವರ್, ರಂಗ ಪ್ರೊಡಕ್ಷನ್. ಆದರೆ ವೇಷಧಾರಿಯ ಹೆಜ್ಜೆ ನೋಡುತ್ತ ಭಾಗವತರು ಪದ ಎಳೆಯುವ ಸೊಗಸು ರಂಗದಲ್ಲೇ ಹುಟ್ಟುವುದು.

ರಂಗದ ಮಿಕ್ಸಿಂಗ್ ಆ ಸಭಾಂಗಣಕ್ಕೆ, ಆ ಹೊತ್ತಿಗೆ ಮಾಡಿದ ಕೆಲಸ. ಅಲ್ಲಿ ಕೂತವರ ಕಿವಿಯೇ ಅದರ ಅಳತೆ, ನನ್ನ ಹೆಡ್‌ಫೋನ್ ಅಲ್ಲ.