ಉತ್ತರರಾಮಚರಿತದ ಪೌರಜಾನಪದರು

ಭವಭೂತಿಯ ಉತ್ತರರಾಮಚರಿತವನ್ನು ಕುರಿತು ನಮ್ಮ ಪಂಡಿತರಲ್ಲಿ ನಡೆದಿರುವ ಚರ್ಚೆಯು ಬಹುಮಟ್ಟಿಗೆ ರಸವಿಷಯಕವಾದುದು. ಅಲ್ಲಿಯ ಅಂಗಿರಸವು ಕರುಣವೋ, ಕರುಣವಿಪ್ರಲಂಭವೋ. ಮೂರನೆಯ ಅಂಕದ ಛಾಯಾಸೀತೆಯು ಕಥೆಗೆ ಅವಶ್ಯಕಳೋ, ಕವಿಯ ವಿಲಾಸಮಾತ್ರವೋ. ವಾಲ್ಮೀಕಿಗಳು ಭೂಪ್ರವೇಶದಲ್ಲಿ ಮುಗಿಸಿದ ಕಥೆಯನ್ನು ಪುನಸ್ಸಮಾಗಮದಲ್ಲಿ ಮುಗಿಸಿದುದು ಉಚಿತವೋ ಅನುಚಿತವೋ—ಇಂತಹ ಪ್ರಶ್ನೆಗಳನ್ನೇ ನಾನೂ ನನ್ನ ಗುರುಗಳಿಂದ ಕೇಳಿದೆನು. ಮೂವತ್ತು ವರ್ಷಗಳ ಕಾಲ ವಿದ್ಯಾರ್ಥಿಗಳಿಗೂ ಅವನ್ನೇ ಒಪ್ಪಿಸಿದೆನು. ಕೆಲವು ವರ್ಷಗಳ ಹಿಂದೆ ಮೊದಲನೆಯ ಅಂಕದ ಪಾಠ ಮುಗಿದಾಗ ಒಬ್ಬ ವಿದ್ಯಾರ್ಥಿಯು, “ಗುರುಗಳೇ, ಈ ಪೌರಜಾನಪದರು ಎಂಬವರು ಯಾವ ಅಂಕದಲ್ಲಿ ಬರುತ್ತಾರೆ?” ಎಂದು ಕೇಳಿದನು. ಏಳನೆಯ ಅಂಕದಲ್ಲಿ ಬರುತ್ತಾರೆಂದು ಉತ್ತರ ಕೊಟ್ಟು ಮನೆಗೆ ಬಂದು ಪುಸ್ತಕವನ್ನು ತೆರೆದು ನೋಡಿದಾಗ, ಅಲ್ಲಿಯೂ ಅವರ ಬಾಯಿಂದ ಒಂದಕ್ಷರವೂ ಹೊರಡುವುದಿಲ್ಲವೆಂಬುದು ತಿಳಿದು ನನಗೆ ನಾಚಿಕೆಯಾಯಿತು. ಯಾರ ಮಾತಿನ ದೆಸೆಯಿಂದ ಇಡೀ ನಾಟಕವು ನಡೆಯುವುದೋ ಅವರಿಗೆ ನಾಟಕದಲ್ಲಿ ಮಾತೇ ಇಲ್ಲ. ಪ್ರಕೃತ ಲೇಖನವು ಈ ಒಂದು ಸಂಗತಿಯ ವಿಚಾರವೇ ಆಗಿದೆ.

ಮೊದಲು ಶಬ್ದವನ್ನು ನೋಡೋಣ. ಪೌರರೆಂದರೆ ಪುರದವರು, ಜಾನಪದರೆಂದರೆ ನಾಡಿನವರು, ಇದು ಸಾಮಾನ್ಯಾರ್ಥ. ೧೯೨೪ರಲ್ಲಿ ಪ್ರಕಟವಾದ ‘ಹಿಂದೂ ಪಾಲಿಟಿ’ ಎಂಬ ಗ್ರಂಥದಲ್ಲಿ ಕಾಶೀಪ್ರಸಾದ ಜಾಯಸವಾಲರು, ಇವು ಕೇವಲ ಜನವಾಚಕಗಳಲ್ಲ, ರಾಜಧಾನಿಗೆ ಒಂದು, ನಾಡಿಗೆ ಒಂದು ಎಂಬಂತೆ ಇದ್ದ ಎರಡು ಮಹಾಸಭೆಗಳ ಹೆಸರುಗಳು, ಅರಸನನ್ನು ಅಂಕೆಯಲ್ಲಿಡುವ ಶಕ್ತಿಯು ಅವಕ್ಕಿದ್ದಿತು, ಎಂದು ವಾದಿಸಿದರು. ಪರರಾಜ್ಯದ ಕಾಲದಲ್ಲಿ ಆ ವಾದವು ನಮ್ಮವರಿಗೆ ಎಷ್ಟು ಧೈರ್ಯವನ್ನು ಕೊಟ್ಟಿತೆಂಬುದನ್ನು ಮರೆಯಲಾಗದು. ಆದರೆ ಆಳ್ತೇಕರರೇ ಮೊದಲಾದ ವಿದ್ವಾಂಸರು ಅದನ್ನು ಪರೀಕ್ಷಿಸಿ, ಪ್ರಮಾಣ ಸಾಲದೆಂದು ಬಿಟ್ಟರು. ಭವಭೂತಿಯ ಸಾಕ್ಷ್ಯವೂ ಜಾಯಸವಾಲರಿಗೆ ಪ್ರತಿಕೂಲವಾಗಿಯೇ ಇದೆ ಎಂದು ನನಗೆ ತೋರುತ್ತದೆ. ಪೌರಜಾನಪದವೆಂಬುದೊಂದು ಸಭೆಯಾಗಿದ್ದಲ್ಲಿ, ಅದರ ಅಭಿಪ್ರಾಯವನ್ನು ತಿಳಿಯುವುದಕ್ಕೆ ದುರ್ಮುಖನೆಂಬ ಗೂಢಚಾರನು ಏತಕ್ಕೆ? ಸಭೆಯಿರುವಲ್ಲಿ ಮಾತು ಎದುರಿಗೆ ಬರುತ್ತದೆ. ಇಲ್ಲದಿರುವಲ್ಲಿ ಅದು ಕಿವಿಯ ಬಳಿಗೆ ಬರುತ್ತದೆ. ಇಲ್ಲಿ ಬಂದಿರುವುದು ಅಕ್ಷರಶಃ ಕಿವಿಯ ಬಳಿಗೇ. ದುರ್ಮುಖನು ಹೇಳುವ ಅಪವಾದವನ್ನು ಪ್ರೇಕ್ಷಕರಿಗೂ ಕೇಳಿಸದಂತೆ ಕವಿಯು ಕರ್ಣೋಪದೇಶವನ್ನಾಗಿ ಮಾಡಿದ್ದಾನೆ. ಯಾರು ಆಡಿದರು, ಎಷ್ಟು ಮಂದಿ ಆಡಿದರು, ಅದನ್ನು ಅಲ್ಲಗಳೆದವರು ಯಾರಾದರೂ ಇದ್ದರೋ ಎಂಬುದು ನಮಗೂ ತಿಳಿಯದು, ರಾಮನೂ ಕೇಳುವುದಿಲ್ಲ.

ವಾಲ್ಮೀಕೀಯದ ಉತ್ತರಕಾಂಡದಲ್ಲಿ ಇಷ್ಟು ಗುಟ್ಟಿಲ್ಲ. ಅಲ್ಲಿ ರಾಮನು ಗೆಳೆಯರ ನಡುವೆ ಕುಳಿತು ಊರಿನ ಮಾತೇನೆಂದು ಕೇಳುತ್ತಾನೆ. ಭದ್ರನು ಬೀದಿ, ಅಂಗಡಿ, ಚೌಕಗಳಲ್ಲಿ ಜನರು ಆಡುವುದನ್ನು ಹೇಳುತ್ತಾನೆ. ರಾಮನು ಉಳಿದವರನ್ನೂ ಕೇಳಿ ನಿಶ್ಚಯ ಮಾಡಿಕೊಳ್ಳುತ್ತಾನೆ. ಅದೂ ವಿಚಾರಣೆಯಲ್ಲ, ನಿಜ. ಆದರೂ ನಾಲ್ವರ ಕಿವಿಗೆ ಬಿದ್ದ ಮಾತು. ಭವಭೂತಿಯು ಆ ನಾಲ್ವರನ್ನೂ ತೆಗೆದುಹಾಕಿದ್ದಾನೆ. ಅಷ್ಟೇ ಅಲ್ಲ: ವಸಿಷ್ಠರು, ಅರುಂಧತಿ, ತಾಯಂದಿರು ಎಲ್ಲರೂ ಋಷ್ಯಶೃಂಗರ ಹನ್ನೆರಡು ವರ್ಷದ ಸತ್ರಕ್ಕೆ ಹೋಗಿದ್ದಾರೆ, ಜನಕನು ಆಗತಾನೆ ಮಿಥಿಲೆಗೆ ತೆರಳಿದ್ದಾನೆ. ಬುದ್ಧಿ ಹೇಳತಕ್ಕವರೊಬ್ಬರೂ ಅರಮನೆಯಲ್ಲಿಲ್ಲದ ಹೊತ್ತನ್ನು ಕವಿಯು ಆರಿಸಿಕೊಂಡಿದ್ದಾನೆ. ಉಳಿದವನು ದುರ್ಮುಖನೊಬ್ಬ. ಅವನೂ, ಅಗ್ನಿಶುದ್ಧಳಾದ ತುಂಬುಗರ್ಭಿಣಿಯನ್ನು ದುರ್ಜನರ ಮಾತಿಗಾಗಿ ಬಿಡುವುದೆಂತು ಎಂದು ತಡೆಯುತ್ತಾನೆ. ಸುದ್ದಿ ತಂದವನೇ ಸುದ್ದಿಯನ್ನು ನಂಬಬೇಡವೆನ್ನುವ ಈ ಕ್ಷಣವನ್ನು ನಮ್ಮ ವ್ಯಾಖ್ಯಾನಗಳು ಬೇಗ ದಾಟಿಬಿಡುತ್ತವೆ. ರಾಮನ ಪ್ರತ್ಯುತ್ತರವು ಎರಡು ಭಾಗವಾಗಿದೆ: ಪೌರಜಾನಪದರು ದುರ್ಜನರಲ್ಲ; ಮತ್ತು, ಶುದ್ಧಿಯು ನಡೆದುದು ಬಹುದೂರದಲ್ಲಾದುದರಿಂದ ಅವರು ನಂಬದಿರುವುದು ಸಹಜ.

ಈ ಎರಡೂ ಮಾತುಗಳು ಉದಾರವಾದುವೇ. ಪ್ರಜೆಗಳನ್ನು ಹಳಿಯದ ಅರಸನು ದೊಡ್ಡವನೇ ಸರಿ. ಆದರೆ ನಂಬದಿರುವುದಕ್ಕೆ ಕಾರಣವು ದೂರವಾದರೆ, ದೂರವನ್ನು ಹೋಗಲಾಡಿಸುವುದು ಪರಿಹಾರವೇ ಹೊರತು ಸೀತೆಯನ್ನು ದೂರ ಮಾಡುವುದಲ್ಲ. ಲಂಕೆಯಲ್ಲಿ ಕಣ್ಣಾರೆ ಕಂಡವರು ಇದ್ದರು. ಲಕ್ಷ್ಮಣನು ಅರಮನೆಯಲ್ಲಿಯೇ ಇದ್ದನು. ಜನರನ್ನು ಕೂಡಿಸಿ ಕಂಡುದನ್ನು ಹೇಳಿಸಬಹುದಾಗಿತ್ತು. ಅದನ್ನು ಮಾಡದೆ ರಾಮನು ಪ್ರಜೆಗಳ ಅಜ್ಞಾನವನ್ನು ಗೌರವಿಸಿದನು. ಪ್ರಜೆಗಳ ಬುದ್ಧಿಯನ್ನು ಗೌರವಿಸಲಿಲ್ಲ. ಇವೆರಡರ ಅಂತರವೇ ನನ್ನ ಅಭಿಪ್ರಾಯದಲ್ಲಿ ಈ ನಾಟಕದ ರಾಜನೀತಿಯ ಮರ್ಮಸ್ಥಾನ.

ಇದಕ್ಕೆಲ್ಲ ಮೂಲವು ‘ಅನುರಂಜನ’ವೆಂಬ ಒಂದು ಶಬ್ದ. ಹೊಸ ರಾಜ್ಯ, ನೀನಿನ್ನೂ ಎಳೆಯ, ಪ್ರಜಾನುರಂಜನದಲ್ಲಿ ನಿರತನಾಗಿರು ಎಂಬುದು ಅಷ್ಟಾವಕ್ರನು ತಂದ ವಸಿಷ್ಠರ ಸಂದೇಶದ ಸಾರ. ಅದಕ್ಕೆ ರಾಮನು ಸ್ನೇಹ, ದಯೆ, ಸುಖಗಳನ್ನೂ, ಕೊನೆಗೆ ಜಾನಕಿಯನ್ನೂ ಬಿಡುವುದಕ್ಕೆ ವ್ಯಥೆಯಿಲ್ಲವೆಂದು, ಜಾನಕಿಯ ಎದುರಿಗೇ ಹೇಳುತ್ತಾನೆ. ರಾಜಶಬ್ದವನ್ನು ರಂಜನದಿಂದ ಬಿಡಿಸುವುದು ಭಾರತದಿಂದ ಕಾಳಿದಾಸನವರೆಗೆ ಬಂದ ಪರಿಪಾಟಿ. ಆ ನಿರ್ವಚನವು ಭಾಷಾಶಾಸ್ತ್ರಕ್ಕೆ ಒಪ್ಪದು, ಅದು ಹಾಗಿರಲಿ. ರಂಜ್ ಧಾತುವಿನ ಮೊದಲ ಅರ್ಥ ಬಣ್ಣವೇರಿಸುವುದು. ಬಣ್ಣವೇರಿಸುವವನು ಕರ್ತೃ, ಬಟ್ಟೆಯು ಕರ್ಮ. ಬಟ್ಟೆಗೆ ಯಾವ ಬಣ್ಣ ಬೇಕೆಂದು ಯಾರೂ ಕೇಳುವುದಿಲ್ಲ. ಬಣ್ಣ ಹಿಡಿಯಿತೇ ಇಲ್ಲವೇ ಎಂದು ನೋಡುವರು, ಅಷ್ಟೇ. ಪ್ರಜಾನುರಂಜನವೆಂಬ ಸಮಾಸದಲ್ಲಿ ಪ್ರಜೆಯು ಕರ್ಮಷಷ್ಠಿಯಲ್ಲಿದೆ. ನಾವು ಈಗ ಬಳಸುವ ಪ್ರಜಾಪ್ರಭುತ್ವವೆಂಬ ಸಮಾಸದಲ್ಲಿ ಪ್ರಜೆಯೇ ಪ್ರಭುವೆಂದು ಅರ್ಥಮಾಡಬೇಕಾಗಿದೆ. ಆದರೆ ಶಬ್ದಸ್ವಭಾವವು ಇಲ್ಲಿಯೂ ಎಡರನ್ನು ಒಡ್ಡುತ್ತದೆ: ಹಸುಗಳ ಒಡೆಯನೆಂದರೆ ಹಸುಗಳನ್ನು ಆಳುವವನೆಂದೇ ಅರ್ಥವಾಗುವಂತೆ, ಪ್ರಜೆಗಳ ಪ್ರಭುತ್ವವೆಂದರೆ ಪ್ರಜೆಗಳ ಮೇಲಣ ಪ್ರಭುತ್ವವೆಂದು ಅರ್ಥಮಾಡಲು ಯಾವ ವೈಯಾಕರಣನ ಅಡ್ಡಿಯೂ ಇಲ್ಲ. ಅದರ ಮೇಲೆ, ಪ್ರಜಾಶಬ್ದಕ್ಕೆ ಸಂತಾನವೆಂಬ ಅರ್ಥವು ಬೇರೆ. ಅರಸನೇ ನಿಜವಾದ ತಂದೆ, ಹೆತ್ತವರು ಹುಟ್ಟಿಗೆ ನಿಮಿತ್ತ ಮಾತ್ರವೆಂಬ ಭಾವವನ್ನು ಕಾಳಿದಾಸನು ದಿಲೀಪನ ವರ್ಣನೆಯಲ್ಲಿ ತಂದಿದ್ದಾನೆ. ನಮ್ಮ ಹೊಸ ಶಬ್ದದೊಳಗೆ ಹಳೆಯ ಅರಮನೆ ಇನ್ನೂ ನಿಂತಿದೆ. ಚುನಾವಣೆಯ ಕಾಲದಲ್ಲಿ ಬಣ್ಣದ ಮಡಕೆಗಳು ಎಷ್ಟು ಹೊರಬೀಳುವುವೆಂಬುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕವಿಯು ರಾಮಪಕ್ಷಪಾತಿಯಾದುದರಿಂದ ಪರಿತ್ಯಾಗವನ್ನು ಸಮರ್ಥಿಸಿಯೇ ಇದ್ದಾನೆಂದು ಕೆಲವರ ಮತ. ನಾನು ಇದನ್ನು ಒಪ್ಪಲಾರೆನು. ಎರಡನೆಯ ಅಂಕವನ್ನು ನೋಡಬೇಕು. ಬ್ರಾಹ್ಮಣಬಾಲಕನು ಸತ್ತನೆಂಬ ದೂರು ಅರಮನೆಯ ಬಾಗಿಲಿಗೆ ಬಂದುದರಿಂದ ರಾಮನು ತಪಸ್ವಿಯಾದ ಶಂಬೂಕನನ್ನು ಕೊಲ್ಲಲು ಖಡ್ಗವನ್ನೆತ್ತಿದ್ದಾನೆ. ಕೈ ಏಳಲೊಲ್ಲದು. ಆಗ ರಾಮನು ತನ್ನ ಬಲಗೈಯನ್ನೇ ಕುರಿತು, ಗರ್ಭಭಾರದಿಂದ ಬಳಲಿದ ಸೀತೆಯನ್ನು ಕಾಡಿಗಟ್ಟುವುದರಲ್ಲಿ ಪಟುವಾದ ರಾಮನ ಅಂಗವಲ್ಲವೇ ನೀನು, ನಿನಗೆಲ್ಲಿಯ ಕರುಣೆ ಎಂಬ ಅಭಿಪ್ರಾಯದ ಮಾತನ್ನಾಡುತ್ತಾನೆ. ಅಲಂಕಾರಶಾಸ್ತ್ರದವರು ಇದನ್ನು ಆತ್ಮನಿಂದೆಯ ಉದಾಹರಣೆಯಾಗಿ ಕಾಣುತ್ತಾರೆ. ನನಗೆ ಇದು ಅದಕ್ಕಿಂತ ಹೆಚ್ಚಿನದಾಗಿ ಕಾಣುತ್ತದೆ. ಸೀತೆಯ ಮತ್ತು ಶಂಬೂಕನ ಕಥೆಗಳನ್ನು ಕವಿಯು ಒಂದೇ ಕೈಯಿಂದ ಕಟ್ಟಿದ್ದಾನೆ. ಎರಡು ಕಡೆಗಳಲ್ಲಿಯೂ ದೂರು ಕೇಳಿದೆ, ದೂರಿಗೆ ಗುರಿಯಾದವರ ಮಾತು ಕೇಳಿಲ್ಲ. ಶಂಬೂಕನು ದಿವ್ಯದೇಹವನ್ನು ಪಡೆದು ರಾಮನಿಗೆ ಕೃತಜ್ಞನಾಗುವಂತೆ ಕವಿಯು ಮಾಡಿರುವುದು ಸಂಪ್ರದಾಯದ ಒತ್ತಡ. ಅಲ್ಲಿ ನನ್ನ ಮನಸ್ಸು ಅವನ ಹಿಂದೆ ಹೋಗದು. ಕನ್ನಡದಲ್ಲಿ ಕುವೆಂಪು ಅವರು ೧೯೪೪ರ ‘ಶೂದ್ರತಪಸ್ವಿ’ಯಲ್ಲಿ ಈ ಪ್ರಸಂಗವನ್ನೇ ತಿರುಗಿಸಿ, ದೂರು ತಂದ ಬ್ರಾಹ್ಮಣನೇ ತಪಸ್ವಿಗೆ ತಲೆಬಾಗುವಂತೆ ಮಾಡಿದಾಗ ಎದ್ದ ವಾದವು ಸಾಹಿತ್ಯಚರಿತ್ರೆಯನ್ನು ಬಲ್ಲವರಿಗೆ ನೆನಪಿದೆ. ಆ ತಿರುವಿನ ಬೀಜವು ಭವಭೂತಿಯ ಆ ನಡುಗುವ ಕೈಯಲ್ಲಿಯೇ ಇದೆಯೆಂದು ಹೇಳಿದರೆ ತಪ್ಪಾಗಲಾರದು.

ಮೂರನೆಯ ಅಂಕದಲ್ಲಿ ವಾಸಂತಿಯು ಏಕೆ ಹೀಗೆ ಮಾಡಿದೆಯೆಂದು ನೇರವಾಗಿ ಕೇಳುತ್ತಾಳೆ. ಲೋಕವು ಸಹಿಸಲಿಲ್ಲವೆಂದು ರಾಮನು ಹೇಳುತ್ತಾನೆ. ಯಾವ ಕಾರಣಕ್ಕೆ ಎಂದರೆ, ಅದು ಆ ಲೋಕಕ್ಕೇ ಗೊತ್ತು ಎನ್ನುತ್ತಾನೆ. ಹನ್ನೆರಡು ವರ್ಷಗಳಾದರೂ ಆಳುವವನಿಗೆ ಜನರ ಕಾರಣ ತಿಳಿದಿಲ್ಲ! ಅಲ್ಲಿಯೇ ಅವನು ಎದುರಿಗಿಲ್ಲದ ಪೌರಜಾನಪದರನ್ನು ಸಂಬೋಧಿಸಿ, ನಿಮಗಾಗಿ ಅವಳನ್ನು ಹುಲ್ಲಿನಂತೆ ಬಿಟ್ಟೆನು, ಅಳಲೂ ಇಲ್ಲ, ಇಂದು ಅಳುವೆನು, ಕ್ಷಮಿಸಿರಿ ಎಂದು ಬೇಡುತ್ತಾನೆ. ಅರಸನು ಪ್ರಜೆಗಳೊಡನೆ ಮಾತನಾಡುವುದು ನಾಟಕದಲ್ಲಿ ಇದೊಂದೇ ಸಲ. ಅದೂ ಕಾಡಿನಲ್ಲಿ, ಅವರಿಗೆ ಕೇಳಿಸದಂತೆ. ನಾಲ್ಕನೆಯ ಅಂಕದಲ್ಲಿ ಜನಕನು ಪೌರರ ಮರ್ಯಾದೆಗೇಡಿತನವನ್ನೂ ರಾಜನಾದ ರಾಮನ ಕ್ಷಿಪ್ರಕಾರಿತೆಯನ್ನೂ ಒಂದೇ ಉಸಿರಿನಲ್ಲಿ ನಿಂದಿಸುತ್ತಾನೆ. ದೋಷವನ್ನು ಎರಡು ಕಡೆಗೂ ಹಂಚಿದವನು ಈ ನಾಟಕದಲ್ಲಿ ಆ ವೃದ್ಧನೊಬ್ಬನೇ. ಕ್ಷಿಪ್ರಕಾರಿತೆ ಎಂಬ ಶಬ್ದವು ನನಗೆ ಬಹಳ ಬೆಲೆಯುಳ್ಳದ್ದಾಗಿ ತೋರುತ್ತದೆ. ಕ್ರೌರ್ಯವೆಂದು ಜನಕನು ಅನ್ನಲಿಲ್ಲ, ಅವಸರವೆಂದನು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಪ್ರಜಾಪ್ರಭುತ್ವದಲ್ಲಿಯೂ ಮತವು ಗುಪ್ತವಾಗಿಯೇ ಇದೆಯಲ್ಲ. ದುರ್ಮುಖನ ಪಿಸುಮಾತಿಗೂ ಮತಪೆಟ್ಟಿಗೆಯ ಮೌನಕ್ಕೂ ಭೇದವೇನು? ಆಕ್ಷೇಪವು ಹಗುರವಾದುದಲ್ಲ. ಸಮಾಧಾನವು ಹೀಗೆ. ಮತವನ್ನು ಗುಪ್ತವಾಗಿಟ್ಟಿರುವುದು ದುರ್ಬಲನನ್ನು ಬಲಿಷ್ಠನ ಭಯದಿಂದ ಕಾಪಾಡುವುದಕ್ಕಾಗಿ. ಮತಕ್ಕೆ ಮುಂಚಿನ ಮಾತಾದರೋ ಬಯಲಿನಲ್ಲಿ ನಡೆಯತಕ್ಕದ್ದು. ಅಪವಾದದಲ್ಲಿ ಇದು ತಲೆಕೆಳಗು: ಅಲ್ಲಿ ಮಾತೇ ಗುಪ್ತ, ದಂಡನೆಯು ಬಯಲು. ಮೇಲಾಗಿ ಮತದಿಂದ ನಾವು ಆಳುವವರನ್ನು ಆರಿಸುತ್ತೇವೆ. ಒಬ್ಬಳು ಹೆಂಗಸಿನ ಶೀಲವನ್ನೋ ಒಬ್ಬ ತಪಸ್ವಿಯ ತಲೆಯನ್ನೋ ಮತಕ್ಕೆ ಹಾಕುವುದಿಲ್ಲ. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ನಮ್ಮ ಸಂವಿಧಾನದ ೨೧ನೆಯ ಅನುಚ್ಛೇದವು, ವಿಧಿಯುಕ್ತವಾದ ಕ್ರಮವಿಲ್ಲದೆ ಯಾವ ವ್ಯಕ್ತಿಯ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ತೆಗೆಯಲಾಗದೆಂದು ವಿಧಿಸಿದೆ. ಅಯೋಧ್ಯೆಯ ಎಲ್ಲ ಪೌರರೂ ಒಮ್ಮತದಿಂದ ಕೇಳಿದ್ದರೂ ಕೊಡಲಾಗದಂತಹ ವಸ್ತುವೊಂದು ಉಂಟೆಂದು ಒಪ್ಪಿದಾಗಲೇ ಬಹುಜನರ ಆಳ್ವಿಕೆಯು ಒಬ್ಬಂಟಿಗನಿಗೂ ವಾಸಯೋಗ್ಯವಾಗುತ್ತದೆ.

ಏಳನೆಯ ಅಂಕಕ್ಕೆ ಬರೋಣ. ಗಂಗಾತೀರದಲ್ಲಿ ವಾಲ್ಮೀಕಿಗಳು ನಾಟಕವನ್ನಾಡಿಸುತ್ತಾರೆ. ಪೌರಜಾನಪದರೂ ಸೇರಿ ಚರಾಚರವೆಲ್ಲ ಪ್ರೇಕ್ಷಕರು. ಕಾಡಿನಲ್ಲಿ ಸೀತೆಗೆ ಏನಾಯಿತೆಂಬುದನ್ನು ಜನರು ಮೊಟ್ಟಮೊದಲು ಕಣ್ಣಿನಿಂದ ಕಾಣುತ್ತಾರೆ. ರಾಮನು ಹೋಗಲಾಡಿಸದಿದ್ದ ದೂರವನ್ನು ಕವಿಯು ಹೋಗಲಾಡಿಸಿದನು. ಅನಂತರ ಅರುಂಧತಿಯು ಸೀತೆಯನ್ನು ಮುಂದಿಟ್ಟುಕೊಂಡು ಪೌರಜಾನಪದರನ್ನು ಕರೆದು, ಗಂಗೆ, ಭೂಮಿ, ಅಗ್ನಿ, ದೇವತೆಗಳು ಎಂದು ಸಾಕ್ಷ್ಯಗಳನ್ನು ಒಂದೊಂದಾಗಿ ಹೇಳಿ, ಇವಳನ್ನು ಸ್ವೀಕರಿಸಬೇಕು, ನಿಮ್ಮ ಅಭಿಪ್ರಾಯವೇನು ಎಂದು ಕೇಳುತ್ತಾಳೆ. ಮೊದಲು ಪ್ರಮಾಣ, ಆಮೇಲೆ ಪ್ರಶ್ನೆ. ಪ್ರಶ್ನೆಯು ಕಿವಿಯಲ್ಲಲ್ಲ, ಬಯಲಿನಲ್ಲಿ. ಆದರೂ ಉತ್ಸಾಹದಿಂದ ಇದನ್ನು ಪ್ರಜಾಸಭೆಯೆಂದು ಕರೆಯಲು ನನಗೆ ಧೈರ್ಯವಿಲ್ಲ. ಅರುಂಧತಿಯಿಂದ ನಿರ್ಭರ್ತ್ಸಿತರಾದ ಪ್ರಜೆಗಳು ನಮಸ್ಕರಿಸುತ್ತಿದ್ದಾರೆಂದು ಲಕ್ಷ್ಮಣನು ಹೇಳುತ್ತಾನೆ. ನಿರ್ಭರ್ತ್ಸನವೆಂದರೆ ಗದರಿಸುವುದು. ಕೇಳಿದ್ದು ಪ್ರಶ್ನೆಯ ರೂಪದಲ್ಲಿ, ತಗುಲಿದ್ದು ಗದರಿಕೆಯ ರೂಪದಲ್ಲಿ. ಉತ್ತರವು ಬಾಗಿದ ತಲೆ. ಸೀತೆಯನ್ನಂತೂ ನಿನ್ನ ಅಭಿಪ್ರಾಯವೇನೆಂದು ಅಲ್ಲಿಯೂ ಯಾರೂ ಕೇಳಲಿಲ್ಲ. ಅರುಂಧತಿಯ ಪರಿಚಯದಲ್ಲಿಯೂ ಅವಳು ಸೂರ್ಯವಂಶದ ಸೊಸೆ, ಜನಕನ ಮಗಳು. ೧೯೫೧–೫೨ರ ಪ್ರಥಮ ಮಹಾಚುನಾವಣೆಯಲ್ಲಿ ಇಂಥವನ ಹೆಂಡತಿ, ಇಂಥವನ ಮಗಳು ಎಂದು ಮಾತ್ರ ಬರೆಯಿಸಿ ಸ್ವಂತ ಹೆಸರನ್ನು ಹೇಳದಿದ್ದುದರಿಂದ ಸುಮಾರು ೨೮ ಲಕ್ಷ ಸ್ತ್ರೀಯರ ಹೆಸರುಗಳು ಮತದಾರರ ಪಟ್ಟಿಯಿಂದ ಬಿಟ್ಟುಹೋದುವು. ಚುನಾವಣಾಧಿಕಾರಿಗಳ ಆ ಹಟವು ಆಗ ಹಲವರಿಗೆ ಕಠಿನವೆಂದು ತೋರಿರಬಹುದು. ಉತ್ತರರಾಮಚರಿತವನ್ನು ಓದಿದವರಿಗೆ ಹಾಗೆ ತೋರಲಾರದು.

ಇನ್ನೊಂದು ಮಾತು. ಅಶ್ವಮೇಧದಲ್ಲಿ ಸೀತೆಗೆ ಬದಲಾಗಿ ಚಿನ್ನದ ಪ್ರತಿಮೆಯಿದ್ದುದಷ್ಟೆ. ಆ ಪ್ರತಿಕೃತಿಯ ಸ್ಥಾನದಲ್ಲಿ ನಿಜವಾದ ಪ್ರಕೃತಿಯನ್ನು ನಿಲ್ಲಿಸೆಂದು ಅರುಂಧತಿಯು ಆಜ್ಞಾಪಿಸುತ್ತಾಳೆ. ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಪ್ರತಿನಿಧಿವಿಚಾರವಿದೆ: ದ್ರವ್ಯವು ದೊರೆಯದಾಗ ಪ್ರತಿನಿಧಿದ್ರವ್ಯವು ಸಲ್ಲುತ್ತದೆ, ಸ್ವಾಮಿಗೆ ಪ್ರತಿನಿಧಿಯಿಲ್ಲ. ಅನೇಕ ಯಜಮಾನರಿರುವ ಸತ್ರದಲ್ಲಿ ಒಬ್ಬನು ತೀರಿಕೊಂಡರೆ ಮತ್ತೊಬ್ಬನನ್ನು ಸೇರಿಸಿಕೊಳ್ಳಬಹುದು. ಆದರೆ ಅವನು ಕೆಲಸದವನು, ಒಡೆಯನಲ್ಲ. ಯಜಮಾನನ ನಿಯಮಗಳನ್ನೆಲ್ಲ ಅವನು ಪಾಲಿಸಬೇಕು, ಫಲವು ಅವನದಲ್ಲ. ಈ ಅಧಿಕರಣವನ್ನು ಪಾಠ ಹೇಳುವಾಗಲೆಲ್ಲ ನನಗೆ ನಮ್ಮ ಶಾಸನಸಭೆಗಳ ನೆನಪು ಬಾರದಿರದು. ಅದೇ ಸತ್ರದ ಬಾಗಿಲು ಬ್ರಾಹ್ಮಣೇತರರಿಗೆ ಮುಚ್ಚಿದ್ದಿತೆಂಬುದನ್ನೂ ಮರೆಮಾಡತಕ್ಕದ್ದಲ್ಲ. ಪ್ರಾಪ್ತವಯಸ್ಕರೆಲ್ಲರಿಗೂ ಮತವೆಂಬ ೩೨೬ನೆಯ ಅನುಚ್ಛೇದವು ನಮ್ಮ ಅಧಿಕಾರಾಧ್ಯಾಯದಿಂದ ಹುಟ್ಟಿದುದಲ್ಲ. ಅದನ್ನು ಮೀರಿ ಹುಟ್ಟಿದುದು.

ಕನ್ನಡದಲ್ಲಿ ಈ ನಾಟಕವನ್ನು ತಂದವರಲ್ಲಿ ಬಸವಪ್ಪಶಾಸ್ತ್ರಿಗಳು ಪ್ರಮುಖರು. ಅವರು ಹತ್ತನೆಯ ಚಾಮರಾಜ ಒಡೆಯರ ಆಸ್ಥಾನಕವಿಗಳು. ಅದೇ ಅರಸರ ಕಾಲದಲ್ಲಿ, ದಿವಾನ್ ರಂಗಾಚಾರ್ಲು ಅವರ ಪ್ರಯತ್ನದಿಂದ, ೧೮೮೧ರ ಅಕ್ಟೋಬರಿನಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿಸಭೆಯು ೧೪೪ ಸದಸ್ಯರೊಡನೆ ಮೊದಲು ಕೂಡಿತು. ಅವರು ಮತದಿಂದ ಆರಿಸಿ ಬಂದವರಲ್ಲ. ಶಾಸನ ಮಾಡುವ ಅಧಿಕಾರವೂ ಅವರಿಗಿರಲಿಲ್ಲ. ದಿವಾನರ ಭಾಷಣವನ್ನು ಕೇಳಿ ತಮ್ಮ ತಾಲ್ಲೂಕುಗಳ ಅಹವಾಲುಗಳನ್ನು ಹೇಳಿಕೊಳ್ಳುವುದಷ್ಟೇ. ಆದರೂ ಊರಿನವರು ಎದ್ದುನಿಂತು, ತಮ್ಮ ಹೆಸರಿನಲ್ಲಿ, ಸರ್ಕಾರದ ಎದುರಿಗೆ ಮಾತನಾಡಿದರು. ಅರಮನೆಯ ರಂಗಸ್ಥಳದಲ್ಲಿ ದುರ್ಮುಖನು ಕಿವಿಯಲ್ಲಿ ಹೇಳುತ್ತಿದ್ದ ಕಾಲಕ್ಕೇ ಅದೇ ಊರಿನಲ್ಲಿ ಇದೂ ನಡೆಯಿತು.

ಪ್ರಯೋಗದ ವಿಷಯದಲ್ಲಿ ಒಂದು ಸಂದೇಹ ಉಳಿದಿದೆ. ಅದನ್ನು ನಾಟ್ಯವನ್ನು ಬಲ್ಲವರು ಪರಿಹರಿಸಬೇಕು. ಏಳನೆಯ ಅಂಕದಲ್ಲಿ ಪೌರಜಾನಪದರ ಪಾತ್ರಕ್ಕೆ ಯಾರನ್ನೂ ರಂಗದ ಮೇಲೆ ತರುವ ಸೂಚನೆಯಿಲ್ಲ. ಹಾಗಾದರೆ ಅರುಂಧತಿಯು ಅವರನ್ನು ಕರೆದು ಪ್ರಶ್ನೆ ಕೇಳುವಾಗ ಯಾವ ಕಡೆಗೆ ಮುಖಮಾಡಬೇಕು? ನಾನು ಕಂಡ ಒಂದು ಪ್ರಯೋಗದಲ್ಲಿ ನಟಿಯು ಪರದೆಯ ಕಡೆಗೆ ತಿರುಗಿ ಕೇಳಿದಳು. ಮತ್ತೊಂದರಲ್ಲಿ, ವಿದ್ಯಾರ್ಥಿಗಳು ಆಡಿದುದು, ಅವಳು ನೇರವಾಗಿ ನಮ್ಮ ಕಡೆಗೆ ತಿರುಗಿ, ಕೇಳಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಲಕ್ಷ್ಮಣಪಾತ್ರದ ಹುಡುಗನು ತನ್ನ ಮಾತನ್ನು ಮರೆತಿದ್ದನೋ, ಬೇಕೆಂದೇ ತಡೆದನೋ ತಿಳಿಯದು. ಆ ಹೊತ್ತಿನಲ್ಲಿ ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ನನ್ನ ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯೊಬ್ಬಳು ಮಾತ್ರ ಮೆಲ್ಲಗೆ, “ಅವಳನ್ನೇ ಕೇಳಿ” ಎಂದಳು.