ಹದಿನಾಲ್ಕು ಸಾವಿರ ಕೋಟಿ ಮೊಟ್ಟೆ: ಯಾರ ತಟ್ಟೆಗೆ?

1950–51ರಲ್ಲಿ ಭಾರತದ ಕೋಳಿಗಳೆಲ್ಲ ಸೇರಿ ಇಟ್ಟದ್ದು ಸುಮಾರು 183 ಕೋಟಿ ಮೊಟ್ಟೆ. 2023–24ರಲ್ಲಿ ಆ ಲೆಕ್ಕ 14,277 ಕೋಟಿಗೆ ಏರಿತು. ತಲೆಗೆ ವರ್ಷಕ್ಕೆ ಐದಾರು ಮೊಟ್ಟೆಯೂ ದಕ್ಕದಿದ್ದ ದೇಶದಲ್ಲಿ ಆ ವರ್ಷ 103 ಮೊಟ್ಟೆಗಳ ಲಭ್ಯತೆ ಇತ್ತು. ಕ್ಷೀರಕ್ರಾಂತಿಯ ಕಥೆ ಪಠ್ಯಪುಸ್ತಕಕ್ಕೂ ಸಿನಿಮಾಕ್ಕೂ ಬಂತು; ಮೊಟ್ಟೆಯ ಏರಿಕೆ ಅದಕ್ಕೇನೂ ಕಡಿಮೆಯದಲ್ಲ. ಆದರೆ ಈ ಸಾಧನೆಗೆ ಬೆಲೆ ಕಟ್ಟುವಾಗ ಎರಡು ಪ್ರಶ್ನೆ ಕೇಳಲೇಬೇಕು. ಮೊಟ್ಟೆ ಎಷ್ಟು ಹೆಚ್ಚಿತು? ಅದು ಬೇಕಾದ ಮಗುವಿಗೆ ಮುಟ್ಟಿತೇ? ಮೊದಲ ಪ್ರಶ್ನೆಯಲ್ಲಿ ದೇಶ ಒಳ್ಳೆಯ ಅಂಕ ಪಡೆದಿದೆ. ಎರಡನೆಯದರಲ್ಲಿ ಇನ್ನೂ ಅರ್ಧ ದಾರಿಯಲ್ಲಿದೆ.

ಏರಿಕೆಯ ಮೂಲ ತಳಿಯಲ್ಲಿದೆ. ಹಿತ್ತಲಲ್ಲಿ ಕೆದಕಿ ತಿನ್ನುವ ನಾಟಿ ಕೋಳಿ ವರ್ಷಕ್ಕೆ ಅರವತ್ತು, ಎಂಬತ್ತು ಮೊಟ್ಟೆ ಇಟ್ಟರೆ ಹೆಚ್ಚು. 1971ರಲ್ಲಿ ಡಾ. ಬಿ.ವಿ. ರಾವ್ ಕಟ್ಟಿದ ವೆಂಕಟೇಶ್ವರ ಹ್ಯಾಚರೀಸ್ ಮುಂದೆ ಬೆಳೆಸಿದ ಬಿವಿ-300 ತಳಿ ಮುನ್ನೂರರ ಗಡಿ ದಾಟಿತು. ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಕೇಂದ್ರ ಸರ್ಕಾರಿ ಸಂಸ್ಥೆಯಲ್ಲಿ ತಳಿ ಸಂವರ್ಧನೆ, ತರಬೇತಿ ನಡೆದವು. ಹಿಂಡು ಹಿಂಡನ್ನೇ ಬಲಿ ತೆಗೆದುಕೊಳ್ಳುತ್ತಿದ್ದ ಕೊಕ್ಕರೆ ರೋಗಕ್ಕೆ ಲಸಿಕೆ ಸಿಕ್ಕಿತು. ಮೆಕ್ಕೆಜೋಳ, ಸೋಯಾ ಹಿಂಡಿಯ ಸಮತೋಲನ ಮೇವು ಬಂತು. ತಮಿಳುನಾಡಿನ ಬರಡು ಸೀಮೆಯಾದ ನಾಮಕ್ಕಲ್ ಈ ಎಲ್ಲವನ್ನೂ ಒಂದೆಡೆ ಸೇರಿಸಿ ಮೊಟ್ಟೆಯ ರಾಜಧಾನಿಯಾಯಿತು. ಅಲ್ಲಿನ ಶೆಡ್ಡುಗಳಲ್ಲಿ ಪಂಜರದ ತಂತಿಯ ತಳ ತುಸು ಇಳಿಜಾರಾಗಿರುತ್ತದೆ. ಇಟ್ಟ ಮೊಟ್ಟೆ ಉರುಳಿ ಮುಂದಿನ ಅಂಚಿಗೆ ಬಂದು ನಿಲ್ಲುತ್ತದೆ. ಆರಿಸುವವರು ಮೂವತ್ತರ ಟ್ರೇಗೆ ಜೋಡಿಸುತ್ತಾರೆ, ಟ್ರೇ ಮೇಲೆ ಟ್ರೇ ಪೇರಿಸಿದ ಲಾರಿ ಹೊರಡುತ್ತದೆ.

ತಳಿಯೊಂದೇ ಸಾಕಾಗಲಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ದಲ್ಲಾಳಿಗಳು ಹೇಳಿದ್ದೇ ದರವಾಗಿ, ಸಾಕಿದ ಖರ್ಚೂ ಹುಟ್ಟದೆ ಫಾರಂಗಳು ಮುಚ್ಚತೊಡಗಿದ್ದವು. ರಾವ್ ಊರೂರು ತಿರುಗಿ ರೈತರನ್ನು ಸೇರಿಸಿದರು. 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ, ಅಂದರೆ ಎನ್‌ಇಸಿಸಿ, ಹುಟ್ಟಿತು. ನಾಮಕ್ಕಲ್, ಹೈದರಾಬಾದ್, ಮೈಸೂರು, ಹೊಸಪೇಟೆ ಹೀಗೆ ವಲಯವಾರು ದರವನ್ನು ಬೆಳೆದವರ ಸಂಘಟನೆಯೇ ಪ್ರಕಟಿಸುವ ಪದ್ಧತಿ ಆಗ ಶುರುವಾಯಿತು. ದೂರದರ್ಶನದಲ್ಲಿ ಬಂದ ಅದರ ಹಿಂದಿ ಜಾಹೀರಾತು ಮನೆಮಾತಾಗಿ, ಮೊಟ್ಟೆಯನ್ನು ನಿತ್ಯದ ಊಟದ ಪದಾರ್ಥವನ್ನಾಗಿಸಿತು. ಸರ್ಕಾರದ ಬೆಂಬಲ ಬೆಲೆಗೆ ಕಾಯದೆ ರೈತರು ತಮ್ಮ ಮಾರುಕಟ್ಟೆಯನ್ನು ತಾವೇ ಕಟ್ಟಿಕೊಂಡ ಈ ಕೆಲಸ ನಿಜಕ್ಕೂ ದೊಡ್ಡದು.

ಇದಕ್ಕೆ ತೆತ್ತ ಬೆಲೆಯನ್ನೂ ಮರೆಯುವಂತಿಲ್ಲ. ಪಂಜರದೊಳಗಿನ ಕೋಳಿಗೆ ಸಿಗುವ ಜಾಗ ಒಂದು ಎ4 ಹಾಳೆಗಿಂತ ಕಡಿಮೆ. ಕಾನೂನು ಆಯೋಗ 2017ರಲ್ಲಿ ತನ್ನ 269ನೇ ವರದಿಯನ್ನು ಕೋಳಿಗಳ ಸಾಕಣೆ, ಸಾಗಣೆಯ ಸ್ಥಿತಿಗೇ ಮೀಸಲಿಟ್ಟಿತು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ಕನ್ನು ಕೋಳಿ ಮೇವಿಗೆ ಬೆರೆಸುವುದು ನಿಂತದ್ದು 2019ರ ನಿಷೇಧದ ಬಳಿಕ. ಇನ್ನು ಉತ್ಪಾದನೆಯೂ ಒಂದೇ ಕಡೆ ಗುಡ್ಡೆ ಬಿದ್ದಿದೆ: ಆಂಧ್ರಪ್ರದೇಶ, ತಮಿಳುನಾಡು, ತೆಲಂಗಾಣ, ಪಶ್ಚಿಮ ಬಂಗಾಳ, ಕರ್ನಾಟಕ, ಈ ಐದು ರಾಜ್ಯಗಳದ್ದೇ ಸುಮಾರು ಶೇ 64ರಷ್ಟು ಪಾಲು.

ಈಗ ಎರಡನೆಯ ಪ್ರಶ್ನೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಂಗೂ ಮಿಕ್ಕಿ ಪ್ರೋಟೀನ್, ಬಿ12, ಎ ವಿಟಮಿನ್, ಕೋಲಿನ್ ಇವೆ. ತಲೆಗೆ ವರ್ಷಕ್ಕೆ 180 ಮೊಟ್ಟೆ ಬೇಕೆಂಬುದು ಪೌಷ್ಟಿಕತಜ್ಞರ ಶಿಫಾರಸು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ರಕ್ತಹೀನತೆ ಹಿಂದಿನ ಸಮೀಕ್ಷೆಯ ಶೇ 58.6ರಿಂದ 67.1ಕ್ಕೆ ಏರಿದೆ. ರಕ್ತಹೀನತೆಯ ಹೊಣೆಯನ್ನು ಮೊಟ್ಟೆಯ ಮೇಲೆ ಹೊರಿಸಲಾಗದು. ಮೊಟ್ಟೆಯ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಆದರೂ ಉತ್ಪಾದನೆ ಹೆಚ್ಚಿದ ಮಾತ್ರಕ್ಕೆ ಅಪೌಷ್ಟಿಕತೆ ತಗ್ಗದು ಎಂಬುದನ್ನು ಈ ಅಂಕಿಗಳು ಸ್ಪಷ್ಟವಾಗಿಯೇ ಹೇಳುತ್ತವೆ. ಮಾರುಕಟ್ಟೆ ಮೊಟ್ಟೆಯನ್ನು ಒಯ್ಯುವುದು ದುಡ್ಡು ಇರುವ ಕಡೆಗೆ.

ಈ ದಾರಿಯನ್ನು ಬದಲಿಸಿ ತೋರಿಸಿದ್ದು ತಮಿಳುನಾಡು. 1989ರಲ್ಲಿ ಅಲ್ಲಿನ ಸರ್ಕಾರ ಮಧ್ಯಾಹ್ನದ ಊಟದಲ್ಲಿ ಎರಡು ವಾರಕ್ಕೊಂದು ಮೊಟ್ಟೆ ಕೊಡಲು ಶುರುಮಾಡಿತು. 2010ರ ಹೊತ್ತಿಗೆ ಅದು ವಾರಕ್ಕೆ ಐದಾಯಿತು. ಮಕ್ಕಳಿಗೆ ಪೌಷ್ಟಿಕಾಂಶ, ನಾಮಕ್ಕಲ್‌ಗೆ ಕಾಯಂ ಖರೀದಿದಾರ. ಎರಡೂ ಒಂದೇ ಯೋಜನೆಯಲ್ಲಿ ಸಾಧ್ಯವಾದವು. ಮೊಟ್ಟೆಗೆ ಇನ್ನೊಂದು ಗುಣವಿದೆ. ಸಾರಿಗೆ ನೀರು ಬೆರೆಸಬಹುದು, ಬೇಳೆ ಕಡಿಮೆ ಹಾಕಬಹುದು. ಮೊಟ್ಟೆ ಕೊಟ್ಟರೋ ಇಲ್ಲವೋ ಎಂಬುದನ್ನು ಒಂದನೇ ತರಗತಿಯ ಮಗುವೂ ಹೇಳಬಲ್ಲದು.

ಕರ್ನಾಟಕ ಈ ಹಾದಿಗೆ ಬಂದದ್ದು ತಡವಾಗಿ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಕೊಟ್ಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು ಮೊಟ್ಟೆ ನಮಗೆ ಬೇಕೇ ಬೇಕು ಎಂದು ಎದೆಗಾರಿಕೆಯಿಂದ ಆಡಿದ ಮಾತು ರಾಜ್ಯವೆಲ್ಲ ಕೇಳಿಸಿತು. ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗಿನ ಮಕ್ಕಳೊಂದಿಗೆ ಹೋಲಿಸಿದ ಅಧ್ಯಯನದಲ್ಲಿ, ತೂಕ ಹೆಚ್ಚಿದ್ದು ಯಾದಗಿರಿಯವರಲ್ಲಿ. ಬಳಿಕ ಯೋಜನೆ ಇಡೀ ರಾಜ್ಯಕ್ಕೆ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ್ದರಿಂದ ವಾರದ ಆರೂ ದಿನ ಮೊಟ್ಟೆ ಸಿಗುವಂತಾಯಿತು. ತಿನ್ನದವರಿಗೆ ಬಾಳೆಹಣ್ಣು. ಬಲವಂತವಿಲ್ಲ, ನಿರಾಕರಣೆಯೂ ಇಲ್ಲ. ತಿನ್ನದ ಮಗುವಿಗೆ ಇರುವಷ್ಟೇ ಹಕ್ಕು ತಿನ್ನುವ ಮಗುವಿಗೂ ಇದೆಯೆಂದು ಒಪ್ಪಿಕೊಂಡ ಈ ಏರ್ಪಾಡು ನ್ಯಾಯವಾದದ್ದು. ಅಂಗನವಾಡಿಗೆ ಮೊಟ್ಟೆ ಬೇಡವೆಂದು 2015ರಲ್ಲಿ ಮಧ್ಯಪ್ರದೇಶ ಕೈಗೊಂಡ ನಿಲುವಿನ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ.

ಆದರೆ ಅಡುಗೆಕೋಣೆಯಲ್ಲಿ ಲೆಕ್ಕ ತಾಳೆಯಾಗುವುದಿಲ್ಲ. ಒಂದು ಮೊಟ್ಟೆಗೆ ನಿಗದಿಯಾದದ್ದು ಆರು ರೂಪಾಯಿ. ಕೊಳ್ಳುವುದು, ಬೇಯಿಸುವುದು, ಸುಲಿಯುವುದು ಎಲ್ಲ ಅದರಲ್ಲೇ. ಚಳಿಗಾಲದಲ್ಲಿ ದರ ಏರಿದರೆ ಉಳಿದ ದುಡ್ಡನ್ನು ಮುಖ್ಯಶಿಕ್ಷಕರು ಕೈಯಿಂದ ಹಾಕಬೇಕು. ಮೆಕ್ಕೆಜೋಳ ಎಥನಾಲ್ ಕಾರ್ಖಾನೆಯ ಪಾಲಾದಷ್ಟೂ ಮೇವು ತುಟ್ಟಿ, ಮೊಟ್ಟೆಯೂ ತುಟ್ಟಿ. ಎನ್‌ಇಸಿಸಿ ದರ ದಿನವೂ ಎಲ್ಲರ ಕಣ್ಣೆದುರೇ ಇರುವಾಗ ಶಾಲೆಯ ಅನುದಾನವನ್ನು ಅದಕ್ಕೆ ಜೋಡಿಸದಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಇನ್ನೂ ದೊಡ್ಡ ಕೊರತೆ ವಯಸ್ಸಿನದು. ಬಿಸಿಯೂಟ ಆರನೇ ವರ್ಷಕ್ಕೆ ಸಿಗುತ್ತದೆ. ಬೆಳವಣಿಗೆ ಕುಂಠಿತವಾಗುವುದು ಬಹುಪಾಲು ಎರಡು ವರ್ಷ ತುಂಬುವುದರೊಳಗೆ. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮೊಟ್ಟೆಸಹಿತ ಊಟ ಕೊಡುವ 2017ರ ಮಾತೃಪೂರ್ಣ ಯೋಜನೆ ಸರಿಯಾದ ಕಡೆ ಕೈಯಿಟ್ಟಿತು. ಎದೆಹಾಲಿನ ಜತೆ ಅನ್ನ ತಿನ್ನಲು ಕಲಿಯುತ್ತಿರುವ ಕೂಸಿಗೂ ಅಷ್ಟೇ ಗಟ್ಟಿಯಾದ ಯೋಜನೆ ದೇಶವ್ಯಾಪಿಯಾಗಿ ಬೇಕು. ಅಂಥ ಮನೆಗಳಿಗೆ ಹಿತ್ತಲ ಕೋಳಿಯೂ ನೆರವಾದೀತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಎಂಬತ್ತರ ದಶಕದಲ್ಲೇ ರೂಪಿಸಿದ ಗಿರಿರಾಜ, ಮನೆಯ ಕಾಳುಕಡ್ಡಿ ತಿಂದುಕೊಂಡು ನಾಟಿ ಕೋಳಿಗಿಂತ ಹೆಚ್ಚು ಮೊಟ್ಟೆ ಕೊಡುತ್ತದೆ. ಆ ಮೊಟ್ಟೆಯ ಮೇಲಿನ ಹಿಡಿತವೂ ಮನೆಯ ಹೆಂಗಸರದೇ. ಸರ್ಕಾರಗಳು ಮುಂದಿನ ಬಜೆಟ್ಟಿನಲ್ಲಿ ಅನುದಾನವನ್ನು ದಿನದ ದರಕ್ಕೆ ಜೋಡಿಸಿ, ಅಂಗನವಾಡಿಯ ಮೊಟ್ಟೆಯನ್ನು ಎರಡು ವರ್ಷದೊಳಗಿನ ಮಕ್ಕಳ ಮನೆಗೂ ಮುಟ್ಟಿಸಿದರೆ, ದೇಶ ಈಗಾಗಲೇ ಬೆಳೆಯುತ್ತಿರುವ ಮೊಟ್ಟೆಯೇ ಅದಕ್ಕೆ ಧಾರಾಳವಾಗಿ ಸಾಕು.